ಸಿಂದಿಯ ಹುಳಿಯಲ್ಲಿ ಬೆಂದ ವಿಭೂತಿ

ದೆವ್ವ, ಮಾಟ, ಪವಾಡ ಯಾವುದನ್ನೂ ನಾನು ನಂಬಿದವಳಲ್ಲ. ಮೈಮೇಲೆ ದೇವಿ ಬಂತೆಂದು ಕುಣಿಯುವವಳ ಮುಂದೆ ಜೋಳ ಇಟ್ಟು ಬೀಸು ಅಂದರೆ ದೇವಿ ಇಳಿದು ಹೋಗುತ್ತಾಳೆ. ಆದರೆ ವಲಾಂಡಿಯ ನಮ್ಮ ಮನೆಯಲ್ಲಿ ಒಂದು ಮಧ್ಯಾಹ್ನ ನಡೆದದ್ದು ನನ್ನ ತಲೆಗೆ ಇನ್ನೂ ಹತ್ತಿಲ್ಲ. ನೀವು ನಂಬಲೇಬೇಕೆಂದು ಬರೆಯುತ್ತಿಲ್ಲ.

ಆಗ ನಿಜಾಮರ ರಾಜ್ಯ. ಎಲ್ಲೋ ದೂರ ದೊಡ್ಡ ಲಡಾಯಿ ನಡೆದಿತ್ತು. ಪೇಟೆಯಲ್ಲಿ ಘಾಸಲೇಟ್ ಎಣ್ಣೆ ಸಿಗುತ್ತಿರಲಿಲ್ಲ. ನನ್ನ ಮೈದುನ ಶಿವಪ್ಪ ಹೈದರಾಬಾದಿನ ಕಡೆ ಸಾರಾಯಿ ತೆಗೆಯುವ ದಾರು ಭಟ್ಟಿಯಲ್ಲಿ ದುಡಿದು ಬಂದವನು, ದೀಪಕ್ಕೆ ಎಣ್ಣೆ ತಾನೇ ತೆಗೆಯುತ್ತೇನೆಂದು ದನದ ಕೊಟ್ಟಿಗೆಯಲ್ಲಿ ಒಲೆ ಹೂಡಿದ. ಈಚಲು ಮರದ ಸಿಂದಿಯನ್ನು ಗಡಿಗೆಯಲ್ಲಿ ಹುಳಿ ಬರಿಸುವುದು, ಆ ಹುಳಿ ಕುದಿಸಿ ಅದರ ಉಗಿಯನ್ನು ಕೆಂಪಗೆ ಕಾದ ಕಬ್ಬಿಣದ ಕೊಳವೆಯಲ್ಲಿ ಹಾಯಿಸುವುದು. ಕೊಳವೆಯೊಳಗೆ ಸುಣ್ಣದ ಕಲ್ಲು. ಬಂದದ್ದು ಬರೀ ನಾತ. ಲಿಂಗ ಕಟ್ಟಿದ ಮನೆಯಲ್ಲಿ ಸಿಂದಿ! ರೊಟ್ಟಿ ಮುರಿದರೆ ಅದೇ ವಾಸನೆ, ಸೆರಗಿಗೂ ಅದೇ.

"ವೈನಿ, ಉಗಿ ಎಣ್ಣಿ ಆಗ್ತದ್ರೀ. ನಡುವ ಕುಂತ ಕಲ್ಲು ಮಾತ್ರ ಒಂದು ಚೂರೂ ಸವೆಯಂಗಿಲ್ಲ" ಅನ್ನುತ್ತಿದ್ದ.

"ನಿನ್ನ ಕಲ್ಲಿಗಿಷ್ಟು ಬೆಂಕಿ ಹಚ್ಚ! ಈ ನಾತಕ್ಕ ದನ ಸುದ್ದಾ ಮೇವು ಬಿಟ್ಟಾವ."

ನಮ್ಮಲ್ಲಿ ಜಂಗಮ ಅಯ್ಯನವರು ಮನೆಗೆ ಬಂದರೆ ಮೊದಲು ಆ ಮನೆಯ ವಿಭೂತಿ ಹಚ್ಚಿಕೊಳ್ಳುತ್ತಾರೆ, ಆಮೇಲೆ ನೀರು. ಹಚ್ಚಿಕೊಳ್ಳದೆ ಎದ್ದು ಹೋದರೆ ಆ ಮನೆಯ ನೀರು ಯಾರೂ ಮುಟ್ಟುವುದಿಲ್ಲ. ನನ್ನ ಮಗಳು ಗಂಗವ್ವನಿಗೆ ಮುರುಮ ಊರಿನ ಒಂದು ಮನೆತನ ಕೂಡಿಬಂದಿತ್ತು. ಆ ಮನೆತನದ ಅಯ್ಯನವರು ನಮ್ಮಲ್ಲಿ ನೀರು ಕುಡಿದು ಹೋಗಿ ಹೂಂ ಅಂದರೆ ಮದುವೆ, ಇಲ್ಲದಿದ್ದರೆ ಇಲ್ಲ.

ಅವರು ಬರುವ ದಿನ ಒಲೆ ಆರಿಸೆಂದು ಶಿವಪ್ಪನಿಗೆ ಬೈದು ಹೇಳಿದ್ದೆ. ಅಂಗಳ ಸಾರಿಸಿ ಬಂದು ಗೂಡಿಗೆ ಕೈ ಹಾಕಿದರೆ ವಿಭೂತಿ ಗಟ್ಟಿಯೇ ಇಲ್ಲ. ಕೊಟ್ಟಿಗೆಗೆ ಓಡಿದೆ.

"ಸುಣ್ಣದಾಗ ಬರೀ ನಾತ ಬಂತ್ರೀ ವೈನಿ. ಬೂದಿನೂ ನಡೀತದ ಅಂತ ಭಟ್ಟಿ ಸಾಹೇಬ ಅಂತಿದ್ದ" ಅಂದ.

"ಸಿಂದ್ಯಾಗ ವಿಭೂತಿ ಹಾಕಿದ್ಯೇನೋ, ಹೇಸಿ ನಾಯಿ!"

ನನ್ನ ಬೈಗುಳಕ್ಕೆ ಅವನಿಗೆ ಕಿವಿಯೇ ಇರಲಿಲ್ಲ. ಕೊಳವೆಯ ತುದಿಯಿಂದ ತಿಳಿನೀರಿನಂಥದು ತೊಟ್ಟಿಕ್ಕುತ್ತಿತ್ತು. ಕೊಳೆತ ಸೀತಾಫಲದಂಥ ಸಿಹಿ ನಾತ, ಮೊದಲಿನದಕ್ಕಿಂತ ಹೇಸಿಗೆ. ಅವನು ಕಡ್ಡಿ ಗೀರಿದರೆ ಅದು ಭಗ್ಗನೆ ಹತ್ತಿತು. ಅಷ್ಟರಲ್ಲಿ ಅಂಗಳದಿಂದ ಅಯ್ಯನವರ ದನಿ: "ಯವ್ವಾ, ವಿಭೂತಿ ತಾ."

ಶಿವಪ್ಪ ಗಾಬರಿಯಾಗಿ ಕೊಳವೆಯ ಬಾಯಿ ಬಡಿದು ಬಿಚ್ಚಿದ. ಗಟ್ಟಿ ಉರುಳಿ ನೇರ ನನ್ನ ಅಂಗೈಗೆ ಬಿತ್ತು. ಕಬ್ಬಿಣ ಇನ್ನೂ ಕೆಂಪಗಿತ್ತು. ಕೈ ಸುಟ್ಟೇ ಹೋಯಿತೆಂದು ಕಣ್ಣು ಮುಚ್ಚಿದೆ. ಸುಡಲಿಲ್ಲ. ಬಾವಿಯೊಳಗಿನ ಕಲ್ಲಿನ ಹಾಗೆ ತಣ್ಣಗಿತ್ತು.

ಕಣ್ಣು ಬಿಟ್ಟರೆ ಅಯ್ಯನವರು ಕೊಟ್ಟಿಗೆಯ ಬಾಗಿಲಲ್ಲೇ ನಿಂತಿದ್ದರು, ಕೈ ಚಾಚಿ.

"ಕೊಡಂಗಿಲ್ರೀ ಅಯ್ಯನವರೇ. ಸಿಂದಿ ಹುಳ್ಯಾಗ ಕುದ್ದದ ಇದು" ಅಂದೆ. ಮಗಳ ಮದುವೆ ಮುರಿದರೂ ಆ ಹೊಲಸನ್ನು ಇನ್ನೊಬ್ಬರ ಹಣೆಗೆ ಹಚ್ಚಿಸುವವಳು ನಾನಲ್ಲ.

ಅವರು ತಾವೇ ತೆಗೆದುಕೊಂಡರು. ಮೂಸಿದರು. "ಸಿಂದಿ ಎಲ್ಲದ? ಬೂದಿ ವಾಸನಿ ಅದ" ಅಂದು ಮೂರು ಬೆರಳು ತಿಕ್ಕಿ ಹಣೆಗೆ ಎಳೆದುಕೊಂಡರು. ಆಮೇಲೆ ಕೆಂಪಗಿದ್ದ ಕೊಳವೆ ನೋಡಿ, "ಇಷ್ಟ್ಯಾಕ ಥಂಡಿ ಅದ ಯವ್ವಾ?" ಅಂದರು. ನಾನು ನೀರಿನ ತಂಬಿಗೆ ತಂದಿಟ್ಟೆ. ನೀರು ಕುಡಿದು, ಬೇಡವೆಂದರೂ ಆ ಗಟ್ಟಿಯನ್ನು ಜೋಳಿಗೆಗೆ ಹಾಕಿಕೊಂಡು ಹೋದರು. ನಾನು ಕೊಟ್ಟಿಗೆಯ ಹಿಂದೆ ಹೋಗಿ ವಾಂತಿ ಮಾಡಿಕೊಂಡೆ.

ಶಿವಪ್ಪ ಮತ್ತೆರಡು ಗಟ್ಟಿ ಹಾಕಿ ನೋಡಿದ. ಬೆಂಕಿಯಂತೆ ಸುಡುತ್ತಾ ಹೊರಬಂದವು, ಅವನ ಬೆರಳಿಗೆ ಬೊಬ್ಬೆ ಎದ್ದಿತು. ಅವನ ಗಡಿಗೆಗಳನ್ನೆಲ್ಲ ನಾನೇ ಒಡೆದೆ. ಎಷ್ಟೋ ವರ್ಷಗಳ ಮೇಲೆ ಉದಗೀರದ ಒಬ್ಬ ಮಾಸ್ತರರು ಹೇಳಿದರು, ತಾವು ಬದಲಾಗದೆ ಬೇರೆಯದನ್ನು ಬದಲಿಸುವ ವಸ್ತುಗಳು ಇರುತ್ತವಂತೆ. ಇರಲಿ. ಆದರೆ ತಣ್ಣಗೆ ಯಾಕಿತ್ತು ಅನ್ನುವುದು ಆ ಮಾತಿನಲ್ಲಿ ಬರಲಿಲ್ಲ.

ಅಯ್ಯನವರು ಹೂಂ ಅಂದರು, ಮದುವೆ ಆಯಿತು. ಆ ದೇವರು ಶಿವನೇ ನನ್ನ ಮದುವೆ ಉಳಿಸಿದ ಎಂದು ಗಂಗವ್ವ ಕೈ ಮುಗಿಯುತ್ತಾಳೆ. ಶಿವನಿಗೆ ಸಿಂದಿ ಭಟ್ಟಿಗೆ ಇಳಿಯುವ ಗರಜು ಏನಿತ್ತು ಎಂದು ನಾನು ಕೇಳುತ್ತೇನೆ. ಹಾಗಾದರೆ ಅದು ಯಾರ ಕೆಲಸ ಎಂದು ಆಕೆ ಕೇಳುತ್ತಾಳೆ. ಅದು ನನಗೂ ಗೊತ್ತಿಲ್ಲ.