ಹನ್ನೆರಡು ಮೊಳದ ಹಗ್ಗ

ಆಗ ನಾನು ಬಹಳ ಚಿಕ್ಕವನು. ನೆಟ್ಟಗೆ ನಿಂತರೆ ನನ್ನ ತಲೆ ನಮ್ಮ ಬಂಡಿಯ ಗಾಲಿಗಿಂತ ತುಸುವೇ ಮೇಲೆ ಬರುತ್ತಿತ್ತು. ನಮ್ಮ ಊರು ಕಮಲಾಪುರ, ಅದು ನಿಜಾಮರ ಆಳ್ವಿಕೆಯ ಕಾಲ. ಊರ ಹೊರಗೆ ಅಪ್ಪನ ಬಾಳೆ ತೋಟವಿತ್ತು. ನಮ್ಮ ಊರಿನ ಬಾಳೆಹಣ್ಣಿನ ಸಿಪ್ಪೆ ಕೆಂಪಗಿರುತ್ತದೆ, ನೀವೂ ತಿಂದಿದ್ದೀರಿ, ಮೊಮ್ಮಕ್ಕಳೇ. ಗೊನೆ ಮಾಗುವ ದಿನಗಳಲ್ಲಿ ತೋಟಕ್ಕೆ ಕಾಲಿಟ್ಟರೆ ಬೆಲ್ಲ ಕಾಯಿಸಿದಂಥ ವಾಸನೆ ಮೂಗಿಗೆ ಬಡಿಯುತ್ತಿತ್ತು.

ಹೊಸ ಸಸಿ ನೆಡುವ ಮುಂಚೆ ಅಪ್ಪ ಗೂಟದ ಮೇಲಿನಿಂದ ಒಂದು ಹಗ್ಗ ತೆಗೆಯುತ್ತಿದ್ದ. ಹನ್ನೆರಡು ಮೊಳದ ಹಗ್ಗ. ಎರಡು ತುದಿ ಸೇರಿಸಿ ಕಟ್ಟಿದ್ದು. ಅದಕ್ಕೆ ಮೂರು ಕಡೆ ಗಂಟು, ಗಂಟಿಗೊಂದು ಕೆಂಪು ಅರಿವೆಯ ಚೂರು. ಮೊದಲ ಗಂಟಿನಿಂದ ಎರಡನೆಯದಕ್ಕೆ ಮೂರು ಮೊಳ, ಅಲ್ಲಿಂದ ಮುಂದಿನದಕ್ಕೆ ನಾಲ್ಕು, ಅಲ್ಲಿಂದ ಮತ್ತೆ ಮೊದಲಿನದಕ್ಕೆ ಐದು. ಮೂರು ಜನ ಮೂರು ಗಂಟು ಹಿಡಿದು ಬಿಗಿಯಾಗಿ ಎಳೆದರೆ ಗೋಡೆಯ ಮೂಲೆಯಂಥ ನೆಟ್ಟನೆಯ ಮೂಲೆ ಕೂಡುತ್ತಿತ್ತು. ಅಲ್ಲಿಂದ ಸಾಲು ಹಿಡಿದರೆ ತೋಟದ ಆ ತುದಿಯವರೆಗೂ ಸೊಟ್ಟಗಾಗುತ್ತಿರಲಿಲ್ಲ. ಅಪ್ಪ ಒಂದು ಗಂಟು ಹಿಡಿಯುತ್ತಿದ್ದ, ಅಣ್ಣ ಒಂದು, ನಾನೊಂದು. ನಾನು ಸಡಿಲ ಬಿಟ್ಟರೆ ಅಣ್ಣ ನಗುತ್ತ, "ಏ ತಮ್ಮಾ, ನಿನ್ನಿಂದ ಬಾಳಿ ಎಲ್ಲಾ ಬೀದರಕ್ಕ ಹೊಂಟಾವ ನೋಡು" ಎನ್ನುತ್ತಿದ್ದ.

ಅಣ್ಣ ನನಗಿಂತ ಎಂಟು ವರ್ಷ ದೊಡ್ಡವನು. ಕಲಬುರ್ಗಿಯ ಹೈಸ್ಕೂಲಿನಲ್ಲಿ ಓದುತ್ತಿದ್ದ. ಒಂದು ಮಠದಲ್ಲಿ ಅವನ ಊಟ, ವಸತಿ. ಮೆಟ್ರಿಕ್ ಪಾಸಾಗಿ, ಹೊಲ ಅಳೆಯುವ ಮೋಜಣಿದಾರನಾಗಬೇಕು ಎಂದು ಅವನ ಆಸೆ. ಶಾಲೆಯ ಪಾಠವೆಲ್ಲ ಉರ್ದೂದಲ್ಲಿ. ಆದರೆ ಅಲ್ಲಿ ಒಬ್ಬ ಕನ್ನಡದ ಮಾಸ್ತರರು ಇದ್ದರು. ಮುಂಜಾನೆ ಉರ್ದೂದಲ್ಲಿ ಕೇಳಿದ ಪಾಠವನ್ನು ಅವರು ಮಧ್ಯಾಹ್ನ ತಮ್ಮ ಗಂಟೆಯಲ್ಲಿ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು. ಹುಡುಗರನ್ನು ಬೇವಿನ ಮರದ ಕೆಳಗೆ ಕರೆದುಕೊಂಡು ಹೋಗಿ ಅಂಗಳ ಅಳೆಸುತ್ತಿದ್ದರು. ಅಣ್ಣ ನಮ್ಮ ಹಗ್ಗದ ಗುಟ್ಟನ್ನು ಅವರಿಗೆ ಹೇಳಿದಾಗ ಅವರು ಅವನ ಬೆನ್ನು ತಟ್ಟಿದ್ದರಂತೆ.

ಅಣ್ಣನ ಕೊನೆಯ ವರ್ಷದಲ್ಲಿ ಎಲ್ಲವೂ ಬದಲಾಯಿತು. ಹೈದರಾಬಾದಿನಿಂದ ಬರುವ ಪ್ರಶ್ನೆಪತ್ರಿಕೆ ಬಹಳ ಕಠಿಣವಾಗಿ, ಹಿಂದಿನ ವರ್ಷ ಕುಳಿತ ಹುಡುಗರಲ್ಲಿ ಬಹಳ ಮಂದಿ ನಪಾಸಾಗಿದ್ದರು. ಶಾಲೆಯವರು ಕನ್ನಡದ ಗಂಟೆ ತೆಗೆದುಹಾಕಿದರು. ಚಿತ್ರ ಬರೆಯುವ ಗಂಟೆಯೂ ಹೋಯಿತು. ಕನ್ನಡದ ಮಾಸ್ತರರನ್ನು ಚಿಕ್ಕ ಮಕ್ಕಳಿಗೆ ಅಕ್ಷರ ತಿದ್ದಿಸಲು ಕೂರಿಸಿದರು. ಹೊತ್ತು ಮೂಡುವ ಮೊದಲೇ ಒಂದು ಗಂಟೆ ಹೆಚ್ಚಿನ ತರಗತಿ ಶುರುವಾಯಿತು. ಅಲ್ಲಿ ಪ್ರಶ್ನೆಗಳಿಗೆ ಉತ್ತರ ಬರೆಸುತ್ತಿದ್ದರು. ಹುಡುಗರು ಸಾಲಾಗಿ ನಿಂತು ಅದನ್ನು ಒಂದೇ ದನಿಯಲ್ಲಿ ಒಪ್ಪಿಸಬೇಕಿತ್ತು. ಕೊನೆಗೆ ಶಾಲೆಯಲ್ಲೇ ಒಂದು ಪರೀಕ್ಷೆ. ಅದರಲ್ಲಿ ಗೆದ್ದವರ ಹೆಸರನ್ನಷ್ಟೇ ಮೆಟ್ರಿಕ್‌ಗೆ ಕಳಿಸುವುದು, ಉಳಿದವರು ಶಾಲೆ ಬಿಡುವುದು ಎಂದು ನಿಯಮ ಮಾಡಿದರು.

ಅಣ್ಣ ರಜೆಗೆ ಬಂದಾಗ ಬಾಳೆಗಿಡಗಳ ನಡುವೆ ಓಡಾಡುತ್ತ ರೇಖಾಗಣಿತವನ್ನು ಬಾಯಿಪಾಠ ಮಾಡುತ್ತಿದ್ದ. ಅಲಿಫ್, ಬೇ, ಜೀಮ್ ಎಂದು ತ್ರಿಕೋನದ ಮೂಲೆಗಳಿಗೆ ಉರ್ದೂ ಅಕ್ಷರವಿಟ್ಟು ಪುಟಗಟ್ಟಲೆ ಹೇಳುತ್ತಿದ್ದ. ಕೇಳಿ ಕೇಳಿ ನನಗೂ ಆ ಶಬ್ದಗಳು ಬಾಯಿಗೆ ಬಂದಿದ್ದವು. ಅವ್ವ ರೊಟ್ಟಿ ಬಡಿಯುತ್ತ, "ನಮ್ಮ ಮನ್ಯಾಗ ಇಬ್ಬರು ಮುಲ್ಲಾ ಆಗ್ಯಾರ" ಎಂದು ನಗುತ್ತಿದ್ದಳು.

ಒಂದು ದಿನ ಕನ್ನಡದ ಮಾಸ್ತರರ ಕಾಗದ ಬಂತು. ಶಾಲೆಯ ಪರೀಕ್ಷೆಯಲ್ಲಿ ಗೆದ್ದವರ ಪಟ್ಟಿಯಲ್ಲಿ ಅಣ್ಣನ ಹೆಸರಿಲ್ಲ, ಹೆಸರುಗಳು ಹೈದರಾಬಾದಿಗೆ ಹೋಗುವ ಮೊದಲು ಬಂದು ಹೆಡ್ ಮಾಸ್ತರರನ್ನು ಕೇಳಿಕೊಳ್ಳಿ ಎಂದು ಬರೆದಿದ್ದರು. ಅಪ್ಪ ಬಂಡಿಯಲ್ಲಿ ಹುಲ್ಲು ಹಾಸಿ ಎರಡು ಗೊನೆ ಇಟ್ಟ. ಅವು ಜಾರದಂತೆ ಕಟ್ಟಲು ಕೈಗೆ ಸಿಕ್ಕ ಹಗ್ಗ ತೆಗೆದುಕೊಂಡ. ಅದು ಗಂಟಿನ ಹಗ್ಗವೇ ಆಗಿತ್ತು. ನಾನು ಹಟ ಮಾಡಿ ಬಂಡಿ ಹತ್ತಿದೆ. ದಾರಿಯಲ್ಲಿ ಒಂದು ಊರಲ್ಲಿ ಉಳಿದು, ಮರುದಿನ ಬೆಳಿಗ್ಗೆ ಕಲಬುರ್ಗಿಯ ದರ್ಗಾ ಇರುವ ರೋಜಾ ಓಣಿ ತಲುಪಿದೆವು. ಎತ್ತುಗಳಿಗೆ ನೀರು ಕುಡಿಸುವಾಗ ದರ್ಗಾದ ಕಡೆಯಿಂದ ಲೋಬಾನದ ಹೊಗೆ, ಗುಲಾಬಿಯ ವಾಸನೆ ಬರುತ್ತಿತ್ತು. ಅಪ್ಪ ಆ ಕಡೆಗೆ ತಿರುಗಿ ಕೈ ಮುಗಿದ. ನಾನೂ ಮುಗಿದೆ.

ಶಾಲೆಯ ಅಂಗಳದಲ್ಲಿ ಅಣ್ಣ ಒಬ್ಬನೇ ಬೇವಿನ ಮರಕ್ಕೆ ಒರಗಿ ನಿಂತಿದ್ದ. ನಮ್ಮನ್ನು ನೋಡಿದ ಕೂಡಲೇ ತಲೆ ತಗ್ಗಿಸಿದ. ಒಳಗೆ ಹುಡುಗರು ಒಂದೇ ದನಿಯಲ್ಲಿ ಪಾಠ ಒಪ್ಪಿಸುತ್ತಿದ್ದರು. ಹೆಡ್ ಮಾಸ್ತರರು ವರಾಂಡಕ್ಕೆ ಬಂದರು. ಕರೀ ಶೇರವಾನಿ, ನೆರೆತ ಗಡ್ಡ, ನಿದ್ದೆಗೆಟ್ಟ ಕಣ್ಣು. ಕೆಟ್ಟ ಮನುಷ್ಯರಲ್ಲ. ಅಪ್ಪ ಗೊನೆಯ ಕಡೆ ಕೈ ತೋರಿಸಿದ್ದಕ್ಕೆ, "ಬ್ಯಾಡ ಭಾಯಿ, ಅವು ಮನೀಗೇ ಇರ್ಲಿ" ಎಂದರು.

"ಹುಡುಗ ಶಾಣ್ಯಾ ಇದ್ದಾನ್ರೀ ಸಾಹೇಬ್ರ. ಒಂದು ಸಲ ಕುಂದರ್ಸಿ ನೋಡ್ರಿ" ಎಂದ ಅಪ್ಪ. ರುಮಾಲು ತೆಗೆದು ಕೈಯಲ್ಲಿ ಹಿಡಿದಿದ್ದ.

"ಶಾಣ್ಯಾ ಇದ್ದಾನಂತ ನನಗೂ ಗೊತ್ತದ. ಖರೇ, ಇವ ಬರ್ದದ್ದು ನೋಡೋರು ಹೈದರಾಬಾದದಾಗ ಇರ್ತಾರ. ಈ ವರ್ಷನೂ ಹುಡುಗ್ರು ಫೇಲಾದ್ರ ಈ ಸಾಲೀನೇ ಮುಚ್ತಾರ." ಅವರು ಸ್ವಲ್ಪ ಹೊತ್ತು ಅಣ್ಣನನ್ನೇ ನೋಡಿದರು. "ಆಯ್ತು. ನಾಳಿ ಮುಂಜಾನಿ ಬರ್ರಿ. ಇನ್ನೊಮ್ಮೆ ಕೇಳಿ ನೋಡ್ತೀನಿ."

ನಾಳೆ ಎಂದರೆ ಒಂದು ಇಡೀ ದಿನ ಸಿಕ್ಕಂತೆ. ಅಣ್ಣ ಕುಳಿತು ಮತ್ತೆ ಓದಬಹುದಿತ್ತು. ಕನ್ನಡದ ಮಾಸ್ತರರು ಪಕ್ಕದಲ್ಲಿ ಕೂತು ಬಿಡಿಸಿ ಹೇಳಬಹುದಿತ್ತು. ಅದು ನನಗೆ ಈಗ ಗೊತ್ತು. ಆಗ ಗೊತ್ತಿರಲಿಲ್ಲ. ಅಣ್ಣನಿಗೆ ಏನು ಬರುತ್ತದೆ ಎಂಬುದನ್ನು ಸಾಹೇಬರು ಇನ್ನೂ ನೋಡಿಲ್ಲವಲ್ಲ ಎಂದಷ್ಟೇ ನನಗನಿಸಿತು. ಓಡಿಹೋಗಿ ಗೊನೆಗೆ ಸುತ್ತಿದ್ದ ಹಗ್ಗ ಬಿಚ್ಚಿಕೊಂಡು ಬಂದೆ.

ಪಾಠ ಒಪ್ಪಿಸುವ ದನಿ ನಿಂತಿತು. ಕಿಟಕಿಯಲ್ಲಿ ಮುಖಗಳು ಕಾಣಿಸಿದವು. "ದನ ಕಟ್ಟೋ ಹಗ್ಗ ತಂದಾನೋ!" ಎಂದು ಒಬ್ಬ ಕೂಗಿದ. "ಎತ್ತೂ ಪರೀಕ್ಷಾಕ್ಕ ಕುಂದರ್ತದೇನಲೇ?" ಎಂದ ಇನ್ನೊಬ್ಬ. ಅಣ್ಣನ ಕಿವಿ ಕೆಂಪಾದವು. ಬೇಡವೆನ್ನುವಂತೆ ನನ್ನನ್ನು ನೋಡಿದ. ಆದರೆ ಸಾಹೇಬರು, "ಏನದು? ತೋರ್ಸು" ಎಂದುಬಿಟ್ಟಿದ್ದರು.

ಅಪ್ಪ, ಅಣ್ಣ, ನಾನು ಮೂರು ಗಂಟು ಹಿಡಿದು ಅಂಗಳದಲ್ಲಿ ನಿಂತೆವು. ಅಣ್ಣ ಮೂಲೆ ಕೂಡಿಸಿದ. ಅಲ್ಲಿಂದ ಶಾಲೆಯ ಗೋಡೆಯ ಗುಂಟ ನೋಡಿ, "ಈ ಗ್ವಾಡಿ ಒಂದು ಗೇಣು ಹೊರಗ ಹೋಗ್ಯದ್ರೀ" ಎಂದ. ಚಿಕ್ಕ ಮಕ್ಕಳ ಕೋಣೆಯ ಬಾಗಿಲಿಗೆ ಕನ್ನಡದ ಮಾಸ್ತರರು ಬಂದು ನಿಂತಿದ್ದರು. "ಖರೇ ಅದ ಸಾಹೇಬ್ರ, ಆ ಗ್ವಾಡಿ ಸೊಟ್ಟೇ ಅದ" ಎಂದರು. ಹೆಡ್ ಮಾಸ್ತರರು ಮೊದಲ ಸಲ ನಕ್ಕರು. "ಶಾಬಾಸ್!" ಎಂದರು. ನನಗೆ ಕುಣಿಯಬೇಕೆನಿಸಿತು.

"ಈ ಮೂಲಿ ಯಾಕ ನೆಟ್ಟಗ ಕೂಡ್ತದಂತ ಈಗ ಉರ್ದೂದಾಗ ಬರ್ದು ತೋರ್ಸು. ಬರ್ದೀ ಅಂದ್ರ ಇವತ್ತೇ ನಿನ್ನ ಹೆಸರು ಹಚ್ತೀನಿ. ನಾಳಿ ತನಕ ಯಾಕ?"

ಹಲಗೆ ತರಿಸಿದರು. ಪುಸ್ತಕದಲ್ಲಿದ್ದ ತ್ರಿಕೋನವನ್ನು ಮಗ್ಗುಲಾಗಿ ಮಲಗಿಸಿ ಬರೆದು, ಮೂಲೆಗಳಿಗೆ ಬೇರೆ ಅಕ್ಷರ ಇಟ್ಟರು. ಹೈದರಾಬಾದಿನ ಪ್ರಶ್ನೆಪತ್ರಿಕೆಯಲ್ಲಿ ಹೀಗೇ ತಿರುಗಿಸಿ ಕೇಳುತ್ತಿದ್ದರಂತೆ. ಅಣ್ಣ ಬಳಪ ಹಿಡಿದ. ಒಂದು ಸಾಲು ಬರೆದ. ಆಮೇಲೆ ಅವನ ತುಟಿ ಅಲುಗಾಡತೊಡಗಿತು. ತೋಟದಲ್ಲಿ ನಾನು ನೂರು ಸಲ ಕೇಳಿದ ಅದೇ ಅಲಿಫ್, ಬೇ, ಜೀಮ್. ಆ ಹಲಗೆಯ ಮೇಲೆ ಆ ಅಕ್ಷರಗಳು ಇರಲೇ ಇಲ್ಲ. ಅವನ ಕೈ ಬಾಯಿಯ ಹಿಂದೆಯೇ ಹೋಯಿತು. ಇಲ್ಲದ ಗೆರೆಗಳ ಹೆಸರನ್ನು ಬರೆಯುತ್ತಲೇ ಹೋದ. ನಡುವೆ ತಾನೇ ಕಂಡುಕೊಂಡು ನಿಂತ. ಕನ್ನಡದಲ್ಲಿ, "ಇದು ಹಂಗಲ್ರೀ, ಈ ಮೂಲಿ ಅಲ್ಲಿ..." ಎಂದ. ಬಳಪ ಕೆಳಗಿಟ್ಟ.

ಹೆಡ್ ಮಾಸ್ತರರು ಬೈಯಲಿಲ್ಲ. ತಮ್ಮ ಅಂಗೈಯಿಂದ ಹಲಗೆ ಒರೆಸಿದರು. ಬಳಪದ ಪುಡಿ ಅವರ ಕರೀ ಶೇರವಾನಿಯ ತೋಳಿನ ಮೇಲೆ ಬಿತ್ತು. "ನಾಳಿ ಬರೋದು ಬ್ಯಾಡ ಭಾಯಿ" ಎಂದು ಅಪ್ಪನಿಗೆ ಹೇಳಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಪಾಠ ಒಪ್ಪಿಸುವ ದನಿ ಮತ್ತೆ ಶುರುವಾಯಿತು.

ಹಿಂದಿರುಗುವಾಗ ಬಂಡಿಯಲ್ಲಿ ಅಣ್ಣನ ಟ್ರಂಕೂ ಇತ್ತು. ಗೊನೆಗಳು ಬಿಸಿಲಿಗೆ ಬಾಡಿ ಕಪ್ಪಾಗಿದ್ದವು. ಮುಂದಿನ ವರ್ಷಗಳಲ್ಲಿ ನನ್ನನ್ನು ಆ ಶಾಲೆಗೆ ಕಳಿಸುವ ಮಾತನ್ನೂ ಅಪ್ಪ ಎತ್ತಲಿಲ್ಲ. ಊರ ಶಾಲೆಯಲ್ಲಿ ಕಲಿತಷ್ಟೇ ನನ್ನ ಓದು.

ಅಣ್ಣ ಬದುಕಿಡೀ ತೋಟದಲ್ಲೇ ಇದ್ದ. ಸುತ್ತಲಿನ ಊರಿನವರು ಮನೆಯ ಬುನಾದಿಗೆ, ಬಾವಿಯ ಕಟ್ಟೆಗೆ ಮೂಲೆ ಹಿಡಿಯಲು ಅವನನ್ನು ಕರೆಯುತ್ತಿದ್ದರು. ಕಲಬುರ್ಗಿಯಿಂದ ಮೋಜಣಿದಾರರು ಹೊಲ ಅಳೆಯಲು ಬಂದಾಗ, ಅವರ ಸರಪಳಿಯ ಇನ್ನೊಂದು ತುದಿಯನ್ನು ಹಿಡಿದು ನಿಲ್ಲುತ್ತಿದ್ದವನು ಅವನೇ. ಆ ದಿನ ನಾನು ಹಗ್ಗ ತಂದದ್ದರ ಬಗ್ಗೆ ಒಮ್ಮೆಯೂ ಒಂದು ಮಾತು ಆಡಲಿಲ್ಲ. ನಾನೂ ಕೇಳಲಿಲ್ಲ. ಹೋದ ತಿಂಗಳು ಅವನು ತೀರಿಕೊಂಡ. ಇನ್ನು ಕೇಳುವಂತಿಲ್ಲ.

ನಿಮ್ಮ ಕಾಲ ಬೇರೆ, ಮಕ್ಕಳೇ. ಕಲಬುರ್ಗಿಯ ಜೇವರ್ಗಿ ಕಾಲೋನಿಯ ನಮ್ಮ ಮನೆಯಲ್ಲಿ ನಿಮಗೆ ಮೇಜು, ದೀಪ, ಕಪಾಟಿನ ತುಂಬ ಪುಸ್ತಕ ಇವೆ. ಬಂಡಿಯಲ್ಲಿ ಎರಡು ದಿನ ಕೂರಬೇಕಿಲ್ಲ. ಆದರೆ ಈ ವರ್ಷ ದೇಶಕ್ಕೆಲ್ಲ ಒಂದೇ ಪರೀಕ್ಷೆ, ಬಹಳ ಕಠಿಣ ಎಂದು ನಿಮ್ಮ ಶಾಲೆಯವರೂ ಚಿತ್ರದ ಗಂಟೆ ತೆಗೆದಿದ್ದಾರೆ. ಹೊತ್ತು ಮೂಡುವ ಮೊದಲೇ ಒಮ್ಮೆ, ಸಂಜೆ ಮತ್ತೊಮ್ಮೆ ನೀವು ಟ್ಯೂಷನ್ನಿಗೆ ಹೋಗುತ್ತೀರಿ. ಗೋಡೆಯ ಆ ಕಡೆಯಿಂದ ನೀವು ಬಾಯಿಪಾಠ ಮಾಡುವ ದನಿ ಕೇಳುತ್ತ ನಾನು ಮಲಗಿರುತ್ತೇನೆ.

ಅಣ್ಣನ ಕಾರ್ಯ ಮುಗಿಸಿ ಬರುವಾಗ ಆ ಹಗ್ಗವನ್ನು ಕಮಲಾಪುರದಿಂದ ತಂದಿದ್ದೆ. ಮೊನ್ನೆ ಸಂಜೆ ಮಾಳಿಗೆಯ ಮೇಲೆ ನಿಮ್ಮಿಬ್ಬರ ಕೈಗೂ ಒಂದೊಂದು ಗಂಟು ಕೊಟ್ಟೆ. ನಿಮಗೆ ನೆನಪಿರಬಹುದು. ನಾನು ಇನ್ನೂ ಎಳೆದು ಬಿಗಿ ಮಾಡಿರಲಿಲ್ಲ. "ಮುತ್ಯಾ, ಇದು ಪರೀಕ್ಷಾದಾಗ ಬರ್ತದೇನು?" ಎಂದು ನೀವು ಕೇಳಿದಿರಿ.

"ಇಲ್ಲ" ಎಂದೆ. ಅದು ಸುಳ್ಳಲ್ಲ.

ನೀವು ಗಂಟುಗಳನ್ನು ಮೆಲ್ಲಗೆ ಕೆಳಗಿಟ್ಟು ಟ್ಯೂಷನ್ನಿಗೆ ಹೋದಿರಿ. ನನ್ನ ಕೈಯಲ್ಲಿ ಒಂದು ಗಂಟು ಉಳಿಯಿತು. ಅದನ್ನು ಹಿಡಿದುಕೊಂಡೇ ನಾನು ಬಹಳ ಹೊತ್ತು ನಿಂತಿದ್ದೆ. ಉಳಿದೆರಡು ನೆಲದ ಮೇಲೆ ಬಿದ್ದಿದ್ದವು.