ಅಕ್ಕಯ್ಯಮ್ಮನ ಹಾಡು ಕತ್ತರಿಸಿಹೋದದ್ದು

ಹೆಗ್ಗನಹಳ್ಳಿಯ ದಿವ್ಯ ಎಂ.ಸಿ.ಎ. ಮುಗಿಸಿ ವಿಜಯನಗರದ ಕಂಪ್ಯೂಟರ್ ಸೆಂಟರೊಂದರಲ್ಲಿ ಪಾಠ ಹೇಳುತ್ತಿದ್ದಳು. ೨೦೦೬ರಲ್ಲಿ ಊರಿನ ಮಹಿಳಾ ಸಂಘದವರು ಮುದುಕಿಯರ ಸೋಬಾನೆ, ಬೀಸುವ ಪದಗಳನ್ನೆಲ್ಲ ಕೂಡಿಡಲು ಹೊರಟಾಗ, ಅದಕ್ಕೆ ಪ್ರೋಗ್ರಾಂ ಬರೆದುಕೊಡುತ್ತೇನೆಂದು ತಾನಾಗಿಯೇ ಮುಂದೆ ಬಂದಳು. ಹಾಡು ರೆಕಾರ್ಡ್ ಮಾಡುವ ಕೆಲಸ ನಿವೃತ್ತ ಪೋಸ್ಟ್‌ಮನ್ ಮುನಿರಾಜು ಅವರದು. ಅಂಗೈಯಗಲದ ರೆಕಾರ್ಡರ್ ಹಿಡಿದು ಅವರು ಮನೆಮನೆ ತಿರುಗುತ್ತಿದ್ದರು.

ಬಿಡಿ ಫೈಲುಗಳಾದರೆ ಯಾರಾದರೂ ಅಳಿಸಿಬಿಡುತ್ತಾರೆ. ಹಾಡು, ಹಾಡಿದವರ ಹೆಸರು, ಊರು ಎಲ್ಲ ಒಂದೇ ಡೇಟಾಬೇಸಿನೊಳಗೆ ಭದ್ರವಾಗಿರಲಿ ಎಂದು ದಿವ್ಯಳ ಯೋಚನೆ. ಹಾಡಿನ ಫೈಲನ್ನು ಓದಿ ಟೇಬಲ್ಲಿಗೆ ಸೇರಿಸಿ, 'ಸೇವ್ ಆಯಿತು' ಎಂದು ತೋರಿಸಿ, ರೆಕಾರ್ಡರಿನಲ್ಲಿದ್ದುದನ್ನು ಅಳಿಸುವಂತೆ ಕೋಡ್ ಬರೆದಳು. ರೆಕಾರ್ಡರಿನಲ್ಲಿ ಜಾಗ ಕಡಿಮೆ, ಮುಂದಿನ ಮನೆಗೆ ಅದು ಖಾಲಿಯಾಗಬೇಕಿತ್ತು. ಪರೀಕ್ಷೆಗೆಂದು ಗಂಟೆಯ ಸದ್ದಿನ ಪುಟ್ಟ ಫೈಲೊಂದನ್ನು ಹಾಕಿ ತೆಗೆದಳು. ಟಿಣ್ ಎಂದಿತು. ಅಷ್ಟಕ್ಕೇ ಬಿಟ್ಟಳು.

ಚಳಿಗಾಲವೆಲ್ಲ ಹಾಡುಗಳು ತುಂಬಿದವು. ಅತಿ ಹೆಚ್ಚು ಹಾಡಿದವಳು ಅಕ್ಕಯ್ಯಮ್ಮ. ಸಂಕ್ರಾಂತಿ ಕಳೆದ ಮೇಲೆ ಆಕೆಗೆ ಲಕ್ವ ಹೊಡೆದು ಮಾತು ನಿಂತುಹೋಯಿತು.

ಯುಗಾದಿಯ ಆಸುಪಾಸಿನಲ್ಲಿ, ಕಾಮಾಕ್ಷಿಪಾಳ್ಯದ ಚಿಕ್ಕ ಸಭಾಂಗಣವೊಂದರಲ್ಲಿ, ಕೂಡಿಟ್ಟ ಹಾಡುಗಳನ್ನು ಕೇಳಿಸಲು ಸಂಘದವರು ಎಲ್ಲರನ್ನೂ ಕರೆದರು. ಸೊಸೆ ಚಿಕ್ಕಲಕ್ಷ್ಮಮ್ಮ ಅತ್ತೆಯನ್ನು ಆಟೋದಲ್ಲಿ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದಳು. ದಿವ್ಯ ಅಕ್ಕಯ್ಯಮ್ಮನ ಹೆಸರು ಒತ್ತಿದಳು. ಸ್ಪೀಕರಿನಲ್ಲಿ ಒಂದು ಕೆಮ್ಮು, ಆಮೇಲೆ ದನಿ ಏರಿತು, ಮೊದಲ ಸಾಲು ಮುಗಿಯುವ ಮುಂಚೆಯೇ ಕಡಿದುಹೋಯಿತು. ಇನ್ನೊಂದು ಹಾಡು. ಅದೂ ಅಷ್ಟೇ. ಮುದುಕಿ ಮುಂದಕ್ಕೆ ಬಾಗಿ, ಹಾಡು ಮುಂದುವರಿಯಲೆಂದು ಕಾಯುತ್ತಲೇ ಇದ್ದಳು.

ದಿವ್ಯ ಮುನಿರಾಜು ಕಡೆ ತಿರುಗಿದಳು. "ರೆಕಾರ್ಡಿಂಗೇ ಸರಿಯಾಗಿಲ್ಲ ಅನ್ಸುತ್ತೆ ಅಂಕಲ್," ಎಂದುಬಿಟ್ಟಳು.

ಮುನಿರಾಜು ತಮ್ಮ ಬೆರಳುಗಳನ್ನೇ ನೋಡಿಕೊಂಡರು. "ನಾನೇ ಯಾವ್ದೋ ಬಟನ್ ಒತ್ಬಿಟ್ಟಿರ್ಬೇಕು ಕಣಮ್ಮ." ಎದ್ದು ಹೋಗಿ ಅಕ್ಕಯ್ಯಮ್ಮನ ಕೈ ಹಿಡಿದು, "ತಪ್ಪಾಯ್ತು ಅಕ್ಕ," ಎಂದರು. ಇಡೀ ಸಭೆಯ ಎದುರು. ದಿವ್ಯ ಕಂಪ್ಯೂಟರಿನ ಹಿಂದೆ ತಲೆ ತಗ್ಗಿಸಿ ಕುಳಿತಿದ್ದಳು.

ಮನೆಗೆ ಬಂದು ಟೇಬಲ್ ತೆರೆದಳು. ಉದ್ದದ ಹಾಡು, ಗಿಡ್ಡ ಹಾಡು, ಎಲ್ಲದರ ಗಾತ್ರವೂ ಒಂದೇ: ಅರವತ್ತನಾಲ್ಕು ಕೆ.ಬಿ. ಹಾಡು ತುಂಬಲು ಅವಳು ಆರಿಸಿದ್ದ ಕಾಲಂ, ಅಂದರೆ ಟೇಬಲ್ಲಿನ ಖಾನೆ, ಹಿಡಿಯುತ್ತಿದ್ದುದೇ ಅಷ್ಟು. ಅದಕ್ಕೂ ದೊಡ್ಡ ಬಗೆಯ ಕಾಲಂ ಇತ್ತು, ಅವಳು ನೋಡಿರಲಿಲ್ಲ. ಮಿಕ್ಕಿದ್ದನ್ನು ಡೇಟಾಬೇಸ್ ಕತ್ತರಿಸಿ ಚೆಲ್ಲಿತ್ತು. ಅದು ಕೊಟ್ಟ ಎಚ್ಚರಿಕೆಯನ್ನು ಅವಳ ಕೋಡ್ ಓದಿರಲೇ ಇಲ್ಲ. ಮೂಲ ಹಾಡುಗಳನ್ನಂತೂ ಅವಳ ಕೋಡೇ ಅಳಿಸಿತ್ತು.

ಮರುದಿನ ಮುನಿರಾಜು ಮನೆಯ ಬಾಗಿಲಲ್ಲಿ ನಿಂತು ಎಲ್ಲ ಹೇಳಿದಳು. "ನಿಮ್ದೇನೂ ತಪ್ಪಿಲ್ಲ ಅಂಕಲ್. ಎರಡನೇ ಹಾಡು ನಿಂತಾಗ್ಲೇ ನಂಗೆ ಅನುಮಾನ ಬಂದಿತ್ತು. ಆದ್ರೂ ನಿಮ್ಮ ಮೇಲೆ ಹಾಕ್ದೆ."

ಅವರು, "ನಂಗೆ ಹೇಳಿದ್ದು ಸರಿ. ಅಕ್ಕಂಗೂ ಹೇಳ್ಬೇಕಲ್ಲ, ನಡಿ," ಎಂದು ಚಪ್ಪಲಿ ಮೆಟ್ಟಿದರು.

ವಿಷಯ ಕೇಳಿ ಚಿಕ್ಕಲಕ್ಷ್ಮಮ್ಮ ರೇಗಿದಳು. "ಇನ್ನೆಲ್ಲಿಂದ ತರ್ತೀಯಮ್ಮ ಆ ಗಂಟಲ್ನ? ಸಾರಿ ಅಂದ್ರೆ ಬಂದ್ಬಿಡುತ್ತಾ?"

ದಿವ್ಯ ಅಳುತ್ತ ಅಕ್ಕಯ್ಯಮ್ಮನ ಕಾಲು ಮುಟ್ಟಿದಳು. ಮುದುಕಿ ಕಾಲು ಹಿಂದಕ್ಕೆಳೆದುಕೊಂಡು ಗೋಡೆಯ ಕಡೆ ತಿರುಗಿದಳು.

ದಿವ್ಯ ಕಾಲಂ ಬದಲಿಸಿದಳು; ಒಳಗೆ ಹೋದದ್ದನ್ನು ಹೊರತೆಗೆದು ಮೂಲದೊಂದಿಗೆ ತಾಳೆ ನೋಡದೆ ಏನನ್ನೂ ಅಳಿಸದಂತೆ ಕೋಡ್ ತಿದ್ದಿದಳು. ಭಾನುವಾರಗಳಂದು ಮುನಿರಾಜು ಜೊತೆ ಮತ್ತೆ ಅದೇ ಮನೆಗಳ ಬಾಗಿಲು ತಟ್ಟಿದಳು. ಬೇರೆ ಹೆಂಗಸರು ಬೈದುಕೊಂಡೇ ಹಾಡಿದರು. ಒಂದು ದಿನ ಚಿಕ್ಕಲಕ್ಷ್ಮಮ್ಮ ತಾನೇ ಕರೆಕಳಿಸಿ, ಅತ್ತೆಯ ಪಕ್ಕ ಕೂತು ಆಕೆಯ ಪದಗಳಲ್ಲಿ ತನಗೆ ಗೊತ್ತಿದ್ದ ನಾಲ್ಕಾರನ್ನು ಹಾಡಿದಳು. ಎಲ್ಲಾದರೂ ತಪ್ಪಿದರೆ ಅಕ್ಕಯ್ಯಮ್ಮ ಎಡಗೈಯಿಂದ ಅವಳ ತೊಡೆ ತಟ್ಟಿ ನಿಲ್ಲಿಸುತ್ತಿದ್ದಳು. ಉಳಿದವು ಆಕೆಯೊಬ್ಬಳಿಗೇ ಗೊತ್ತಿದ್ದ ಪದಗಳು. ಅವು ಹೋದವು.

ಸಂಘ ಸಿ.ಡಿ. ಮಾಡಿಸುವಾಗ ತನ್ನ ಹೆಸರು ಬೇಡವೆಂದು ದಿವ್ಯ ಕೇಳಿಕೊಂಡಳು. ಮುನಿರಾಜು ಒಪ್ಪಲಿಲ್ಲ. "ಕೆಲ್ಸ ಮಾಡಿದೀಯ, ಇರ್ಲಿ ಬಿಡು," ಎಂದರು. ಮನೆಯಲ್ಲಿ ಅವಳ ತಾಯಿ ಆ ಸಿ.ಡಿ.ಯನ್ನು ಶೋಕೇಸಿನಲ್ಲಿಟ್ಟು, ಬಂದವರಿಗೆಲ್ಲ ಮಗಳ ಹೆಸರು ತೋರಿಸುತ್ತಿದ್ದರು. ಆಗೆಲ್ಲ ದಿವ್ಯ ಕಾಫಿ ತರುವ ನೆಪದಲ್ಲಿ ಒಳಗೆ ಹೋಗಿಬಿಡುತ್ತಿದ್ದಳು.