ಒಂದಡಿ ಕೊಡಿ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಕಾನ್ವೆಂಟ್ ಮುಗಿಸಿದವಳೇ ಮದುವೆಯಾಗಿ, ಪಾರ್ಕಿನ ಕೆರೆಯ ಮೇಲ್ತುದಿಯಲ್ಲಿದ್ದ ಗಂಡನ ಮನೆಗೆ ಬಂದಿದ್ದೆ. ಕಿಟಕಿಯಿಂದ ಎರಡು ಬೋಟ್‌ಗಳು ಕಾಣುತ್ತಿದ್ದವು. ಬೇಸಿಗೆ ಬಂತೆಂದರೆ ಪಾಪ, ಎಮ್ಮೆಗಳ ಹಾಗೆ ಕೆಸರಲ್ಲಿ ಮಲಗಿರುತ್ತಿದ್ದವು. ಒಮ್ಮೆಯಾದರೂ ಬೋಟಿನಲ್ಲಿ ಒಂದು ರೌಂಡ್ ಹೋಗಬೇಕೆಂದು ನನಗೆ ಆಸೆ. ಸಿಲ್ಲಿ ಆಸೆ ಎನ್ನಿ.

ಮೈಸೂರಿನಿಂದ ಹೊಸದಾಗಿ ಬಂದ ಇಂಜಿನಿಯರರು ಪ್ಲಾನ್ ಮಾಡಿದರು. ತುಂಬಿದ ಕೆರೆಯ ನೀರು ಹೊರಗೆ ಹರಿಯುವ ಕೋಡಿಯನ್ನು ಒಂದಡಿ ಎತ್ತರಿಸಿದರೆ ಬೇಸಿಗೆಯಲ್ಲೂ ಬೋಟ್ ತೇಲುತ್ತದೆ. ಅತ್ತೆಗೆ ಅಂದಿನಿಂದ ಊಟ ಸೇರಲಿಲ್ಲ. ನಮ್ಮ ಇದ್ದೊಂದು ಗದ್ದೆ ಕೆರೆಗೆ ತಾಗಿಯೇ ಇತ್ತು.

"ಅವರ ದೋಣಿ ತೇಲಿಕೆ ನಮ್ಮ ಗದ್ದೆ ಮುಳ್ಗೊಕಾ?" ಎಂದರು.

ಕೋಡಿ ಒಂದಡಿ ಏರಿಸು ಎಂದು ಮೇಸ್ತ್ರಿಗೆ ಹೇಳಿ ಇಂಜಿನಿಯರರು ರಜೆಯ ಮೇಲೆ ಊರಿಗೆ ಹೋದರು. ಮೇಸ್ತ್ರಿ ಕಣ್ಣೂರಿನ ಕಡೆಯವನು. ಅವನ ಮಲಯಾಳದಲ್ಲಿ ಕೊಡಿ ಎಂದರೆ ಬಾವುಟ. ಯಾರೋ ಮಿನಿಸ್ಟರ್ ಬರುತ್ತಾರೆಂದುಕೊಂಡು ನಮ್ಮಲ್ಲಿ ಬಟ್ಟೆ ಕೇಳಿದ. ಅತ್ತೆ ನನ್ನನ್ನು ಒಂದು ಮಾತೂ ಕೇಳದೆ ಸ್ಪೋರ್ಟ್ಸ್ ಡೇಗೆ ನಾನು ಸೊಂಟಕ್ಕೆ ಕಟ್ಟುತ್ತಿದ್ದ ಕೆಂಪು ಸ್ಯಾಶನ್ನು ಕತ್ತರಿಸಿ ಕೊಟ್ಟರು.

ಇಂಜಿನಿಯರರು ಮರಳುವಾಗ ಆಟಿ ತಿಂಗಳ ಜಡಿಮಳೆ ಹಿಡಿದಿತ್ತು. ಕೆರೆಯ ಏರಿಯ ಮೇಲೆ ಒದ್ದೆ ಸ್ಯಾಶ್ ಕೋಲಿಗೆ ಅಂಟಿಕೊಂಡಿತ್ತು.

"ಕೋಡಿ ಎಲ್ಲಯ್ಯಾ ಏರಿಸಿದ್ದೀಯ?"

"ಅದೇ ಸಾರ್, ಕೊಡಿ. ಒಂದಡಿ ಕರೆಕ್ಟ್ ಉಂಟು. ಬೇಕಾದ್ರೆ ಟೇಪ್ ಹಿಡೀರಿ."

ಅವರು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಅವರನ್ನು ನಮ್ಮ ಗದ್ದೆಗೆ ಕರೆದೊಯ್ದರು. ನೀರು ಬದುವಿನ ಅಂಚಿಗೆ ಬಂದಿತ್ತು. ಒಳಗೆ ಆಗಷ್ಟೇ ನಾಟಿಯಾದ ಪೈರು. ಅವರು ಕೊಡೆಯ ತುದಿಯನ್ನು ನೀರಿಗಿಳಿಸಿ, ಇನ್ನೊಂದಡಿ ಏರಿದರೆ ನೀರು ಎಲ್ಲಿಗೆ ಬರುತ್ತದೆಂದು ಅಳೆದು ನೋಡಿದರು. ಆಮೇಲೆ ನಮ್ಮ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ನಕ್ಕರು.

"ಎತ್ತರಿಸೋದು ಬೇಡಮ್ಮ. ಬೇಸಿಗೇಲಿ ಹೂಳು ತೆಗೆಸ್ತೀನಿ. ಆದ್ರೆ ಕೆರೆ ಮೇಲಿನ ನಿಮ್ಮ ಗುಡ್ಡದ ಕಾಡು ಕಡೀಬೇಡಿ. ಕಡಿದ್ರೆ ಅಲ್ಲಿನ ಮಣ್ಣೆಲ್ಲ ಇಳಿದು ಕೆರೇಲಿ ಕೂರುತ್ತೆ."

ಆ ಕಾಡು ಕಡಿದು ಕಾಫಿ ಹಾಕಬೇಕೆಂದು ಅತ್ತೆ ಎಷ್ಟೋ ವರ್ಷಗಳಿಂದ ಕಾದಿದ್ದರು. ಗದ್ದೆಯ ಕಡೆ ನೋಡಿ, "ಆತ್" ಎಂದು ಒಪ್ಪಿದರು.

ಬೇಸಿಗೆಯಲ್ಲಿ ತೆಗೆದ ಹೂಳು ನಮ್ಮ ಗದ್ದೆಗೇ ಗೊಬ್ಬರವಾಯಿತು. ಅದರ ಮರುವರ್ಷ ಏಪ್ರಿಲ್‌ನಲ್ಲೂ ಕೆರೆಯಲ್ಲಿ ನೀರಿತ್ತು. ಅತ್ತೆ ನನ್ನ ಜೊತೆ ಬೋಟ್ ಹತ್ತಿ, ಎರಡೂ ಕೈಯಲ್ಲಿ ಅಂಚು ಹಿಡಿದು, ಗುಡ್ಡದ ಮರಗಳನ್ನೇ ನೋಡುತ್ತಾ ಕೂತರು. ದಡ ಮುಟ್ಟಿದರೂ ಇಳಿಯಲಿಲ್ಲ.

"ಇನ್ನೊಂದ್ ರೌಂಡ್ ಹೋಕು," ಎಂದರು.